ಬೇಡ ಅಂದ ಅತ್ತೆ

ಯಾರಾದರೂ ಮಾತಾಡಲು ತೊಡಗಿದರೆ ಅತ್ತೆ ತಮ್ಮ ಬಲ ಅಂಗೈಯನ್ನು ಅವರ ಮುಂಗೈ ಮೇಲೆ ಇಟ್ಟುಬಿಡುತ್ತಿದ್ದರು. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ ಕೇಳುತ್ತಿತ್ತು. ಉಳಿದದ್ದನ್ನು ಅವರು ಆ ಅಂಗೈಯಿಂದ ಕೇಳಿಸಿಕೊಳ್ಳುತ್ತಾರೆ ಎಂದು ನನಗೆ ಅನ್ನಿಸುತ್ತಿತ್ತು. ಅಗಲವಾದ, ಒರಟು ಅಂಗೈ. ವರ್ಷಗಟ್ಟಲೆ ಜೋಳದ ರೊಟ್ಟಿ ಬಡಿದು ಗೆರೆಗಳೆಲ್ಲ ಸವೆದುಹೋಗಿದ್ದವು, ಬೆರಳ ಸಂದಿಯಲ್ಲಿ ಮಾತ್ರ ಅರಿಸಿನದ ಹಳದಿ ಉಳಿದಿರುತ್ತಿತ್ತು. ತರಕಾರಿಯವನ ಮುಂಗೈ, ಗ್ಯಾಸ್ ಸಿಲಿಂಡರ್ ತರುವವನ ಮುಂಗೈ, ಒಮ್ಮೆ ಮನೆಗೆ ಊಟಕ್ಕೆ ಬಂದಿದ್ದ ನನ್ನ ಗಂಡನ ಮ್ಯಾನೇಜರ ಮುಂಗೈ, ಅವರಿಗೆ ಎಲ್ಲವೂ ಒಂದೇ. ಮ್ಯಾನೇಜರು ಮೊದಲು ಗಾಬರಿಯಾದರು. ಆಮೇಲೆ ಊಟ ಮುಗಿಯುವವರೆಗೂ ತಮ್ಮ ಊರಿನ ಕಥೆಯನ್ನೆಲ್ಲ ಅತ್ತೆಗೆ ತೆಲುಗಿನಲ್ಲೇ ಹೇಳಿದರು.

ನಾನು ಮೈಸೂರಿನವಳು. ಅಲ್ಲಿ ಮಿಕ್ಸಿ, ಫ್ಯಾನು, ಫ್ರಿಜ್ಜು ಮಾರುವ ಒಂದು ದೊಡ್ಡ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸ ಮಾಡುತ್ತಿದ್ದೆ. ನನ್ನ ಗಂಡ ಬಾಗಲಕೋಟೆ ಕಡೆಯವರು, ಬ್ಯಾಂಕಿನಲ್ಲಿ ಅಧಿಕಾರಿ. ಮದುವೆಯಾದ ಎರಡನೇ ವರ್ಷ ಅವರಿಗೆ ವಿಜಯವಾಡಕ್ಕೆ ವರ್ಗವಾಯಿತು. ನಾನು ಕೆಲಸ ಬಿಟ್ಟೆ. ಅಲ್ಲಿನ ಪಟಮಟ ಬಡಾವಣೆಯಲ್ಲಿ ಎರಡನೇ ಮಹಡಿಯ ಮನೆ ಬಾಡಿಗೆಗೆ ಹಿಡಿದೆವು. ಮಾವ ತೀರಿಕೊಂಡು ಆಗಲೇ ವರ್ಷವಾಗಿತ್ತು. ಊರಿನಲ್ಲಿ ಒಬ್ಬರೇ ಇರಲು ಬೇಸರ ಎಂದು ಅತ್ತೆ ರೊಟ್ಟಿಯ ಹಂಚನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ನಮ್ಮಲ್ಲಿಗೆ ಬಂದರು. ನನಗೆ ಒಳಗೊಳಗೇ ಅಳುಕಿತ್ತು. ಮದುವೆಯ ನಂತರ ಅವರ ಜೊತೆ ನಾಲ್ಕು ದಿನಕ್ಕಿಂತ ಹೆಚ್ಚು ಇದ್ದವಳಲ್ಲ. ಅವರ ಕನ್ನಡದಲ್ಲಿ ಅರ್ಧ ನನಗೆ ತಿಳಿಯುತ್ತಿರಲಿಲ್ಲ. ನನ್ನ ಕನ್ನಡವನ್ನು ಅವರು "ಬಾಳ ಮೆತ್ತಗ ಐತಿ, ಕಿವಿಗೆ ಸಿಗಂಗಿಲ್ಲ" ಎನ್ನುತ್ತಿದ್ದರು.

ಅವರು ಬಂದ ಮೇಲೆ ತಿಳಿದದ್ದು, ಅವರಿಗೆ ಭಾಷೆ ಒಂದು ತೊಡಕೇ ಅಲ್ಲ ಎಂಬುದು. ಬಂದ ಒಂದೇ ವಾರದಲ್ಲಿ ಬೀದಿಯ ತಳ್ಳುಗಾಡಿಯವರೆಲ್ಲ ಅವರನ್ನು ಪೆದ್ದಮ್ಮಗಾರು, ಅಂದರೆ ದೊಡ್ಡಮ್ಮನವರು, ಎಂದು ಕರೆಯತೊಡಗಿದರು. ಅವರು ಕಲಿತ ತೆಲುಗು ಮೂರೋ ನಾಲ್ಕೋ ಮಾತು. ಚಾಲು ಎಂದರೆ ಸಾಕು, ವದ್ದು ಎಂದರೆ ಬೇಡ, ರೇಪು ಎಂದರೆ ನಾಳೆ. ಉಳಿದದ್ದೆಲ್ಲ ಬಾಗಲಕೋಟೆಯ ಕನ್ನಡ, ಸ್ವಲ್ಪ ಗಟ್ಟಿಯಾಗಿ. ಬಸ್ಸು ಕೃಷ್ಣೆಯ ಬ್ಯಾರೇಜು ದಾಟುವಾಗ ಕಿಟಕಿಯಿಂದ ಕೈ ಮುಗಿದು, "ನಮ್ಮ ಹೊಳಿ. ನಮ್ಮ ಊರ ಮುಂದಿಂದ ಬಂದೈತಿ" ಎಂದು ಪಕ್ಕದಲ್ಲಿ ಕೂತವರಿಗೆ ಹೇಳುತ್ತಿದ್ದರು, ತಮ್ಮ ಮನೆಯ ಹುಡುಗಿ ಈ ಊರಿಗೆ ಮದುವೆಯಾಗಿ ಬಂದಿದ್ದಾಳೆ ಎನ್ನುವ ಹಾಗೆ.

ಅವರಿಗೆ ಹೋಲಿಸಿದರೆ ಆ ಊರಿನಲ್ಲಿ ಒಂಟಿಯಾದವಳು ನಾನೇ. ಏಳು ವರ್ಷ ದಿನಕ್ಕೆ ನೂರು ಜನರ ಜೊತೆ ಮಾತಾಡಿ ಬಿಲ್ಲು ಹರಿದುಕೊಟ್ಟ ನನಗೆ ಮಧ್ಯಾಹ್ನದ ಹೊತ್ತು ಆ ಮನೆ ಕಚ್ಚುತ್ತಿತ್ತು. ಕೆಲಸಕ್ಕೆ ಅರ್ಜಿ ಹಾಕಿದ ಕಡೆಯೆಲ್ಲ ತೆಲುಗು ಬರುತ್ತದೆಯೇ ಎಂದು ಕೇಳಿದರು.

ಹಾಗಿರುವಾಗ ವಿಶಾಖಪಟ್ಟಣದಿಂದ ಗೆಳತಿ ಫೋನು ಮಾಡಿದಳು. ಅವಳೂ ಮೈಸೂರಿನವಳು, ದುವ್ವಾಡದ ರಫ್ತು ವಲಯದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದಳು. ಅವರ ಕಾರ್ಖಾನೆ ಹೊರದೇಶದ ಒಬ್ಬರಿಗೆಂದು ಸಣ್ಣ ಮಿಕ್ಸಿಗಳನ್ನು ಮಾಡಿತ್ತು. ಕೊಳ್ಳಬೇಕಾದವರು ಕೊನೆಗೆ ಕೈಕೊಟ್ಟರು. ಮಾಲು ಗೋದಾಮಿನಲ್ಲಿ ಬಿದ್ದಿದೆ, ಜಾಗ ಖಾಲಿ ಮಾಡಬೇಕು, ಇಲ್ಲಿ ಮಾರುವ ಬೆಲೆಯ ಕಾಲುಭಾಗಕ್ಕೆ ಕೊಡುತ್ತಾರೆ. ಆದರೆ ಬಿಡಿಯಾಗಿ ಅಲ್ಲ, ಇದ್ದಷ್ಟನ್ನೂ ಒಬ್ಬರೇ ಎತ್ತಬೇಕು, ಅದೂ ಈ ವಾರದೊಳಗೆ ಹೇಳಬೇಕು ಎಂದಳು.

ಮೈಸೂರಿನ ಕೆಲಸ ಬಿಟ್ಟಾಗ ಬಂದ ಪಿಎಫ್ ಹಣ ಹಾಗೇ ಇತ್ತು. ಅದೊಂದು ಬಿಟ್ಟರೆ ನನ್ನದು ಎನ್ನುವ ಹಣ ಬೇರೆ ಇರಲಿಲ್ಲ. ಈ ಮಾಲಿಗೆ ಅದು ಪೂರ್ತಿ ಬೇಕಾಗುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ. ಅವರು ಒಳ್ಳೆಯ ಮನುಷ್ಯ, ಆದರೆ ಬ್ಯಾಂಕಿನವರು. ಸಾಲ ಕೊಟ್ಟು ಕೊಟ್ಟು ಯಾವ ವ್ಯಾಪಾರ ಕೇಳಿದರೂ ಅದು ಮುಳುಗುವ ದಾರಿಯೇ ಮೊದಲು ಕಾಣುತ್ತದೆ. ಸುಂಕ ಕಟ್ಟಿದ ಬಿಲ್ಲು ಕೊಡುತ್ತಾರೆಯೇ, ಐಎಸ್ಐ ಗುರುತು ಇದೆಯೇ ಎಂದು ಕೇಳಿದರು. ಎರಡೂ ಇದೆ ಎಂದೆ. ಹಾಗಾದರೆ ಅಷ್ಟು ಕಡಿಮೆಗೆ ಯಾಕೆ ಕೊಡುತ್ತಾರೆ ಎಂದರು. ಗೋದಾಮು ಖಾಲಿ ಮಾಡಬೇಕಂತೆ ಎಂದೆ.

ಅಷ್ಟರಲ್ಲಿ ಅತ್ತೆಯ ಅಂಗೈ ನನ್ನ ಮುಂಗೈ ಮೇಲೆ ಬಂತು. ಅವರಿಗೆ ಏನೂ ಕೇಳಿಸಿಲ್ಲ ಎಂದುಕೊಂಡಿದ್ದೆ. ಎಲ್ಲ ಕೇಳಿಸಿತ್ತು.

"ಬೆಲಿ ಕಡಿಮಿ ಅನ್ನೂದು ಒಂದು ಗುಣ ಅಲ್ಲ ನೋಡವಾ. ಸಾಮಾನ ಹೆಂಗೈತಿ ಅದು ಮುಖ್ಯ. ಹೋಗಿ ನೋಡಿ ಬರೂಣು."

"ಯಾರು?" ಎಂದರು ನನ್ನ ಗಂಡ.

"ನಾನು, ಆಕಿ. ನಿಂಗೆಲ್ಲಿ ಸೂಟಿ ಸಿಗತೈತಿ?"

ಹೊರಡುವ ಹಿಂದಿನ ದಿನ ಅವರು ಅಡುಗೆಮನೆಯಲ್ಲಿ ಏನೋ ಕಟ್ಟಿಕೊಳ್ಳುತ್ತಿದ್ದರು. ಬುತ್ತಿ ಇರಬೇಕು ಎಂದು ನಾನು ನೋಡಲು ಹೋಗಲಿಲ್ಲ. ರೈಲು ಏಲೂರು ದಾಟಿದ ಮೇಲೆ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಸರಿಸಿ ಮೂಸಿ ನೋಡಿದರು. ಒಳಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿದ ನೆನೆಸಿದ ಉದ್ದಿನಬೇಳೆ. ಇನ್ನೊಂದು ಪೊಟ್ಟಣದಲ್ಲಿ ಹುರಿದ ಶೇಂಗಾ, ಒಣಮೆಣಸಿನಕಾಯಿ, ಉಪ್ಪು. ಎದುರು ಸೀಟಿನ ಹೆಂಗಸು ಅದೇಮಿಟಂಡಿ, ಅದೇನದು ಎಂದು ಕೇಳಿದರು. ಮಿಕ್ಸಿ ನೋಡಾಕ ಹೊಂಟೀವಿ ಎಂದರು ಅತ್ತೆ. ಆ ಹೆಂಗಸಿಗೆ ಏನು ಅರ್ಥವಾಯಿತೋ, ಬೇಳೆ ಚೆನ್ನಾಗಿ ನೆಂದಿದೆ ಎನ್ನುವ ಹಾಗೆ ತಲೆಯಾಡಿಸಿದರು. ನನಗೆ ನಗು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯೂ ಆಯಿತು. ಕಾರ್ಖಾನೆಯ ಅಧಿಕಾರಿಗಳ ಮುಂದೆ ಬೇಳೆ ರುಬ್ಬಲು ಕೂರುತ್ತಾರೆಯೇ ಇವರು? "ಅತ್ತೆ, ಅಲ್ಲಿ ಸುಮ್ಮನೆ ಆನ್ ಮಾಡಿ ನೋಡಿದರೆ ಸಾಕು" ಎಂದೆ. ಅವರು ಕೇಳಿಸದವರ ಹಾಗೆ ಕಿಟಕಿಯ ಕಡೆ ತಿರುಗಿದರು. ಕಿವಿ ಕೇಳದಿರುವುದರ ಅನುಕೂಲವನ್ನು ಅವರು ಆಗಾಗ ಬಳಸಿಕೊಳ್ಳುತ್ತಿದ್ದರು.

ದುವ್ವಾಡದಲ್ಲಿ ಇಳಿದಾಗ ಗೆಳತಿ ಆಟೋ ಹಿಡಿದು ಕಾಯುತ್ತಿದ್ದಳು. ಗೋದಾಮು ವಲಯದ ಗೇಟಿನ ಹೊರಗೇ ಇತ್ತು. ತಗಡಿನ ಎತ್ತರದ ಮಾಡು, ಒಳಗೆ ಒಲೆಯಂಥ ಬಿಸಿ. ಗೋಡೆಗುಂಟ ರಟ್ಟಿನ ಪೆಟ್ಟಿಗೆಗಳು ಮಾಡಿನವರೆಗೂ ಜೋಡಿಸಿದ್ದವು. ಅಲ್ಲಿನ ಉಸ್ತುವಾರಿಯವರು ನಲವತ್ತರ ಆಸುಪಾಸಿನವರು, ಮರ್ಯಾದೆಯ ಮನುಷ್ಯ. ಕುರ್ಚಿ ಹಾಕಿಸಿ ನೀರು ಕೊಡಿಸಿ ಮೇಲಿನ ಸಾಲಿನ ಒಂದು ಪೆಟ್ಟಿಗೆ ತೆಗೆಸಿದರು. ಬೆಳ್ಳಗೆ ಹೊಳೆಯುವ ಪುಟ್ಟ ಮಿಕ್ಸಿ, ಒಂದೇ ಒಂದು ಜಾರು, ಒಂದು ಕೈಯಲ್ಲಿ ಎತ್ತಬಹುದು. ನೋಡಿದ ಕೂಡಲೇ ನನಗೆ ಮನಸ್ಸಾಯಿತು. ಅತ್ತೆ ಮಾತ್ರ ಅದು ಬೇಡ, ಆ ಮೂಲೆಯ ಕೆಳಗಿನದು ತೆಗೆಯಿರಿ ಎಂದು ಕೈ ತೋರಿಸಿದರು. ಕೆಲಸದವರು ಅರ್ಧ ಸಾಲು ಇಳಿಸಿ ಅದನ್ನು ತೆಗೆದರು.

ಪ್ಲಗ್ಗು ಗೋಡೆಯ ಸಾಕೆಟ್ಟಿಗೆ ಹೋಗಲಿಲ್ಲ. ಮೂರೂ ಕಾಲುಗಳು ಚಪ್ಪಟೆಯಾಗಿ ಚೌಕವಾಗಿದ್ದವು, ಆ ದೇಶದಲ್ಲಿ ಹಾಗೆಯೇ ಅಂತೆ. ಕರೆಂಟು ನಮ್ಮಷ್ಟೇ, ಪ್ಲಗ್ಗು ಮಾತ್ರ ಬೇರೆ ಎಂದು ಉಸ್ತುವಾರಿಯವರು ಒಂದು ಅಡಾಪ್ಟರ್ ತಂದುಕೊಟ್ಟರು. ಅತ್ತೆ ಡಬ್ಬಿ ತೆಗೆದರು. ಉಸ್ತುವಾರಿಯವರ ಕಣ್ಣು ಅರಳಿದ್ದು ಇನ್ನೂ ನೆನಪಿದೆ. ಅವರು ನಗಲಿಲ್ಲ, ಬದಲಿಗೆ ಮೇಜಿನ ಮೇಲಿದ್ದ ಕಾಗದಗಳನ್ನು ಸರಿಸಿ ಜಾಗ ಮಾಡಿಕೊಟ್ಟರು.

ಮೊದಲು ಕ್ಯಾಂಟೀನಿನಿಂದ ತರಿಸಿದ ಬಾಳೆಹಣ್ಣು, ಹಾಲು. ಕ್ಷಣದಲ್ಲಿ ಬೆಣ್ಣೆಯಂತಾಯಿತು, ಸದ್ದೂ ಇಲ್ಲ. ಆಮೇಲೆ ಶೇಂಗಾ ಚಟ್ನಿಪುಡಿ. ಅದೂ ಆಯಿತು, ಸ್ವಲ್ಪ ತರಿಯಾಗಿ. ಕೊನೆಗೆ ಉದ್ದಿನಬೇಳೆ. ಅತ್ತೆ ಅಂಗೈಯನ್ನು ಮಿಕ್ಸಿಯ ಮೈಮೇಲೆ ಇಟ್ಟು ನಿಂತರು. ಮೊದಲ ಸುತ್ತು ಹೋಯಿತು. ಎರಡನೇ ಸುತ್ತಿನಲ್ಲಿ ಸದ್ದು ಇಳಿಯಿತು, ಸುಟ್ಟ ವಾಸನೆ ಸಣ್ಣಗೆ ಬಂತು. ಅವರೇ ಆಫ್ ಮಾಡಿದರು.

"ಸುಸ್ತಾತು ಇದಕ್ಕ. ಇದಿನ್ನೂ ಕೂಸು. ದುಡಸಬಾರದು."

ಗೆಳತಿ ಅದನ್ನು ತೆಲುಗಿನಲ್ಲಿ ಹೇಳಿದಳು. ಉಸ್ತುವಾರಿಯವರು, ಹೌದಮ್ಮಾ, ಅಲ್ಲಿ ಅವರು ಹಣ್ಣಿನ ರಸಕ್ಕೆ ಮಾತ್ರ ಬಳಸುತ್ತಾರೆ ಎಂದು ನೇರವಾಗಿಯೇ ಒಪ್ಪಿಕೊಂಡರು. ಮಾಡಿದ್ದ ಚಟ್ನಿಪುಡಿಯನ್ನು ಅತ್ತೆ ಕೆಲಸದವರಿಗೆಲ್ಲ ಒಂದೊಂದು ಚಿಟಿಕೆ ಹಂಚಿದರು. ನಾಳೆ ಮಧ್ಯಾಹ್ನದೊಳಗೆ ಹೇಳುತ್ತೇವೆ ಎಂದು ನಾನು ಹೇಳಿ ಹೊರಬಿದ್ದೆ. ಬರುವಾಗ ಇದ್ದ ಹುಮ್ಮಸ್ಸು ಅರ್ಧ ಇಳಿದಿತ್ತು.

ಆ ರಾತ್ರಿ ವಿಶಾಖಪಟ್ಟಣದಲ್ಲಿ ಗೆಳತಿಯ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಅತ್ತೆಯನ್ನು ಬೀಚ್ ರೋಡಿಗೆ ಕರೆದುಕೊಂಡು ಹೋದೆ. ಅವರು ಸಮುದ್ರ ನೋಡಿದವರಲ್ಲ. ಕಟ್ಟೆಯ ಮೇಲೆ ಕೂತು ತುಂಬ ಹೊತ್ತು ನೋಡಿದರು. "ಇಷ್ಟು ನೀರೈತಿ, ಒಬ್ಬರ ಹೊಲಕ್ಕೂ ಬರಂಗಿಲ್ಲ ನೋಡು" ಎಂದರು. ಅಷ್ಟೇ. ಆಮೇಲೆ ಮುರಿ ಮಿಕ್ಸ್ಚರ್ ಕೊಂಡು ತಿಂದೆವು, ನಮ್ಮ ಚುರುಮುರಿಯಂಥದ್ದೇ. ಅದಕ್ಕೆ ಉಪ್ಪು ಸಾಲದು ಎಂದರು.

ನಾನೇ ಕೇಳಿದೆ. "ಏನು ಮಾಡಲಿ ಅತ್ತೆ?"

"ಬ್ಯಾಡ" ಎಂದರು. ತಡವರಿಸಲಿಲ್ಲ. "ನಮ್ಮ ಹೆಣ್ಣಮಕ್ಕಳು ಮಿಕ್ಸಿ ತಗೊಳ್ಳೂದು ಹಿಟ್ಟಿಗೆ, ಖಾರಕ್ಕ. ಜ್ಯೂಸ್ ಕುಡ್ಯಾಕ ಯಾರು ತಗೋತಾರ?"

ನಾನು ಸುಮ್ಮನಿರಲಿಲ್ಲ. ಹಾಸ್ಟೆಲಿನ ಹುಡುಗಿಯರು, ಒಬ್ಬೊಬ್ಬರೇ ಇರುವ ಆಫೀಸಿನವರು, ಪುಟ್ಟ ಮಕ್ಕಳ ತಾಯಂದಿರು, ಎಲ್ಲರ ಹೆಸರು ಹೇಳಿದೆ. ಏಳು ವರ್ಷ ಮಾರುವ ಅಂಗಡಿಯಲ್ಲಿ ಕೂತಿದ್ದೇನೆ, ಇಷ್ಟು ಹಗುರ ಇಷ್ಟು ಅಗ್ಗದ ವಸ್ತು ಮಾರಾಟವಾಗದೆ ಉಳಿದದ್ದನ್ನು ನೋಡಿಲ್ಲ ಎಂದೆ. ಹೇಳುತ್ತಾ ಹೇಳುತ್ತಾ ಮಿಕ್ಸಿಯ ಮಾತು ಬಿಟ್ಟು ಬೇರೆ ಏನೇನೋ ಬಂತು. ಮಧ್ಯಾಹ್ನದ ಹೊತ್ತು ಆ ಮನೆಯಲ್ಲಿ ಇರಲಾಗುವುದಿಲ್ಲ ಎಂದೆ. ಯಾರೂ ನನ್ನನ್ನು ಏನೂ ಕೇಳುವುದಿಲ್ಲ ಎಂದೆ.

ಅವರ ಅಂಗೈ ನನ್ನ ಮುಂಗೈ ಮೇಲೇ ಇತ್ತು.

"ನೋಡವಾ, ನೀ ಕೇಳಿದಿ, ನಾ ಹೇಳಿದೆ. ರೊಕ್ಕ ನಿಂದು, ನಿರ್ಧಾರ ನಿಂದು. ನನ್ನ ಮಾತಿಗೆ ಅಂಜಿ ಬಿಟ್ರ, ಸಾಯೂತನಕ ನನ್ನ ಮ್ಯಾಲ ಸಿಟ್ಟು ಇಟಗೋತಿ. ನನ್ನ ಮಾತು ಮೀರಿ ತಗೊಂಡ್ರ, ನಾ ಸಿಟ್ಟು ಇಟಗೊಳ್ಳಂಗಿಲ್ಲ. ಯಾವುದು ಹಗುರ ನೀನ ನೋಡು."

ನಾನು ಅಲ್ಲಿಂದಲೇ ಗೆಳತಿಗೆ ಫೋನು ಮಾಡಿ ತೆಗೆದುಕೊಳ್ಳುತ್ತೇನೆ ಎಂದೆ. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು, ಹಾಗಾದರೆ ಹೊತ್ತಾಯಿತು, ರೈಲು ಹಿಡಿಯೋಣ ಎಂದು ಎದ್ದರು. ಮನೆಗೆ ಬಂದಾಗ ನನ್ನ ಗಂಡ ಅವ್ವ ಏನೆಂದಳು ಎಂದು ಕೇಳಿದರು. ಬೇಡ ಎಂದರು ಎಂದೆ. ಮತ್ತೆ? ತೆಗೆದುಕೊಂಡೆ ಎಂದೆ. ಅವರು ಒಮ್ಮೆ ನನ್ನ ಮುಖ, ಒಮ್ಮೆ ತಾಯಿಯ ಮುಖ ನೋಡಿದರು. ಈ ಮನೆಯಲ್ಲಿ ಎಂದೂ ಆಗದ್ದು ಏನೋ ಆಗಿದೆ ಎಂಬುದಷ್ಟೇ ಅವರಿಗೆ ತಿಳಿದಂತಿತ್ತು.

ಮಾಲು ಮಿನಿ ಲಾರಿಯಲ್ಲಿ ಬಂತು. ನಡುಮನೆ ತುಂಬಿತು, ಅತ್ತೆಯ ಕೋಣೆ ತುಂಬಿತು. ಅವರ ಮಂಚವನ್ನು ಅಡುಗೆಮನೆಯ ಬಾಗಿಲ ಪಕ್ಕಕ್ಕೆ ಹಾಕಿದೆವು. ಪೆಟ್ಟಿಗೆಗಳ ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ದಾರಿ. ಮಾಲು ಇಳಿಸಿದವರು ಹೋದ ಮೇಲೆ ನನಗೆ ಒಮ್ಮೆಲೇ ಭಯವಾಯಿತು. ಅತ್ತೆಯ ಕಡೆ ನೋಡಲಾಗಲಿಲ್ಲ. ನಾನು ಹೇಳಿರಲಿಲ್ಲವೇ ಎಂಬ ಮಾತು ಇನ್ನೇನು ಬರುತ್ತದೆ ಎಂದು ಕಾದೆ. ಅವರು ಒಂದು ಪೆಟ್ಟಿಗೆ ಬಿಚ್ಚಿ ಮಿಕ್ಸಿಯ ವೈರನ್ನು ಹಿಡಿದು, "ಮೊದಲ ಇದರ ಕಾಲು ಬದಲಿ ಮಾಡಬೇಕಲ್ಲ" ಎಂದರು.

"ನೀವು ಬೇಡ ಅಂದಿದ್ದಿರಿ" ಎಂದು ನಾನೇ ಬಾಯಿಬಿಟ್ಟೆ.

"ಅಂದಿದ್ದೆ. ಅದು ಗೋದಾಮಿನಾಗ ಇದ್ದಾಗ. ಈಗ ಮನಿಗೆ ಬಂದಾವ, ನಮ್ಮವು."

ಗವರ್ನರ್‌ಪೇಟೆಯ ಸಗಟು ಅಂಗಡಿಯಿಂದ ನಮ್ಮ ಸಾಕೆಟ್ಟಿನ ಪ್ಲಗ್ಗುಗಳನ್ನು ಮೂಟೆಗಟ್ಟಲೆ ತಂದೆ. ನಮ್ಮ ಅಪಾರ್ಟ್‌ಮೆಂಟಿನ ಎಲೆಕ್ಟ್ರಿಷಿಯನ್ ಒಂದು ಭಾನುವಾರ ಕೂತು ಕಲಿಸಿಕೊಟ್ಟರು. ಎಂದೂ ಸ್ಕ್ರೂಡ್ರೈವರ್ ಹಿಡಿಯದ ಅತ್ತೆ ನನಗಿಂತ ಬೇಗ ಕಲಿತರು. ಬೆಳಗಿನ ರೊಟ್ಟಿ ಮುಗಿದ ಮೇಲೆ ಕಿಟಕಿಯ ಕೆಳಗೆ ಕಾಲು ಚಾಚಿ ಕೂತು, ಹಳೆಯ ಪ್ಲಗ್ಗು ಕತ್ತರಿಸಿ, ವೈರಿನ ತುದಿ ಸುಲಿದು, "ಹಸರ ವೈರು ದೊಡ್ಡ ಕಾಲಿಗೆ" ಎಂದು ಪ್ರತಿಸಲವೂ ತಮಗೆ ತಾವೇ ಹೇಳಿಕೊಂಡು ಸ್ಕ್ರೂ ತಿರುಗಿಸುತ್ತಿದ್ದರು. ನಾನು ಪಕ್ಕದಲ್ಲಿ ಒಂದೊಂದನ್ನೂ ಓಡಿಸಿ ನೋಡಿ ಮತ್ತೆ ಪೆಟ್ಟಿಗೆಗೆ ಹಾಕುತ್ತಿದ್ದೆ. ಆ ಮಧ್ಯಾಹ್ನಗಳಲ್ಲೇ ಅವರ ಬದುಕಿನ ಬಹುಪಾಲು ನನಗೆ ತಿಳಿದದ್ದು. ಹದಿನಾರಕ್ಕೆ ಮದುವೆಯಾದದ್ದು, ಮೊದಲ ಎರಡು ಮಕ್ಕಳು ಉಳಿಯದೆ ಹೋದದ್ದು. ಮಾವ ಒಂದು ಜೊತೆ ಎತ್ತು ಕೊಳ್ಳುವಾಗ ಇವರು ಬೇಡವೆಂದದ್ದು, ಅವರು ಕೊಂಡದ್ದು. ಎತ್ತುಗಳು ಚೆನ್ನಾಗಿಯೇ ದುಡಿದವಂತೆ. "ನಾ ಬ್ಯಾಡ ಅಂದದ್ದೆಲ್ಲ ಚಲೋನ ಆಗೈತಿ" ಎಂದು ನಕ್ಕರು. ಅದು ನನ್ನನ್ನು ಸಮಾಧಾನಪಡಿಸಲು ಹೇಳಿದ್ದೋ ನಿಜವೋ ಗೊತ್ತಿಲ್ಲ.

ಮಾರಾಟ ಮಾತ್ರ ನಾನು ಅಂದುಕೊಂಡಂತೆ ಆಗಲಿಲ್ಲ. ಭಾನುವಾರಗಳಲ್ಲಿ ಅಪಾರ್ಟ್‌ಮೆಂಟುಗಳ ಕೆಳಗೆ ಮೇಜು ಹಾಕಿ ಕೂತೆವು. ಹೆಂಗಸರು ಬಂದು ಎತ್ತಿ ನೋಡಿ ಹಿಟ್ಟು ರುಬ್ಬುತ್ತದೆಯೇ ಎಂದು ಕೇಳುತ್ತಿದ್ದರು. ಸ್ವಲ್ಪ ಸ್ವಲ್ಪ ಹಾಕಿದರೆ ಆಗುತ್ತದೆ ಎಂದು ನಾನು ನನ್ನ ಹರಕು ತೆಲುಗಿನಲ್ಲಿ ಜಾರಿಕೊಳ್ಳುತ್ತಿದ್ದೆ. ಕೆಲವರು ಕೊಂಡರು. ಹಾಗೆ ಕೊಂಡ ನಾಲ್ಕನೇ ದಿನ ನಮ್ಮದೇ ಮೂರನೇ ಮಹಡಿಯ ಗೃಹಿಣಿ ಸುಟ್ಟ ಮಿಕ್ಸಿಯನ್ನು ಪೆಟ್ಟಿಗೆ ಸಮೇತ ತಂದು ಬಾಗಿಲಲ್ಲಿ ನಿಂತರು. ಇಡ್ಲಿ ಹಿಟ್ಟು ರುಬ್ಬಿದ್ದರು. ನೀವು ಆಗುತ್ತದೆ ಎಂದಿರಲ್ಲ ಎಂದು ಕೇಳಿದರು. ನಾನು ಸ್ವಲ್ಪ ಸ್ವಲ್ಪ ಎಂದಿದ್ದೆ ಎಂದು ವಾದಕ್ಕಿಳಿದೆ. ಅತ್ತೆ ನನ್ನನ್ನು ಸರಿಸಿ ಅವರ ಕೈಹಿಡಿದು ಒಳಗೆ ಕೂರಿಸಿದರು, ಮಜ್ಜಿಗೆ ಕೊಟ್ಟರು, ನನ್ನ ಪರ್ಸಿನಿಂದಲೇ ಹಣ ತೆಗೆದು ವಾಪಸು ಕೊಟ್ಟರು.

ಮುಂದಿನ ಭಾನುವಾರದಿಂದ ಮೇಜಿನ ಮುಂದೆ ಅವರೇ ನಿಂತರು. ಯಾರು ಬಂದರೂ ಅವರ ಮೊದಲ ಮಾತು, "ಅಮ್ಮಾ, ಇಂದುಲೋ ಪಿಂಡಿ ರುಬ್ಬೊದ್ದು." ಇದರಲ್ಲಿ ಹಿಟ್ಟು ರುಬ್ಬಬೇಡಿ. ರುಬ್ಬು ಎನ್ನುವುದು ಎರಡು ಭಾಷೆಗೂ ಒಂದೇ ಎಂದು ತಿಳಿದಂದಿನಿಂದ ಆ ವಾಕ್ಯ ಅವರ ಬಾಯಿಗೆ ಹತ್ತಿತ್ತು. ಹೆಂಗಸರು ನಗುತ್ತಿದ್ದರು, ಮತ್ತೆ ಯಾಕೆ ಮಾರುತ್ತೀರಿ ಎನ್ನುತ್ತಿದ್ದರು. "ಮೆತ್ತಂದು ಏನರ ಇದ್ರ ಹಾಕ್ರಿ. ಹಣ್ಣು, ಅನ್ನ" ಎಂದು ಅತ್ತೆ ಕೈಸನ್ನೆ ಮಾಡಿ ತೋರಿಸುತ್ತಿದ್ದರು. ಯಾರೂ ಕೊಳ್ಳದೆ ಹೋಗುತ್ತಿದ್ದರು.

ಮನೆಗೆ ಬಂದು ನಾನು ಜಗಳ ತೆಗೆದೆ. ಹೀಗೆ ಹೇಳಿ ಮಾರುವವರು ಯಾರಿದ್ದಾರೆ, ನಿಮಗೆ ಇದು ಮುಳುಗಬೇಕೆಂದೇ ಇದೆಯೇನು ಎಂದುಬಿಟ್ಟೆ.

ಅವರು ಬೇಸರಿಸಿಕೊಂಡದ್ದು ಮುಖದಲ್ಲಿ ಕಾಣಿಸಿತು. ಆದರೂ ದನಿ ಏರಲಿಲ್ಲ. "ಹೇಳಲಾರದ ಮಾರಿದ್ರ ಎಲ್ಲಾ ಸುಟಗೊಂಡು ವಾಪಸ್ ಬರ್ತಾವ. ಆಗ ಎಲ್ಲಿ ಇಡ್ತಿ? ಇದ್ದದ್ದನ್ನ ಇಡಾಕ ಜಾಗ ಇಲ್ಲ" ಎಂದರು. ಆಮೇಲೂ ಅವರು ಪ್ಲಗ್ಗು ಹಾಕುತ್ತಲೇ ಇದ್ದರು.

ಆ ವಾರದ ಕೊನೆಗೆ ಒಬ್ಬ ವಯಸ್ಸಾದವರು ನಮ್ಮ ಬಾಗಿಲು ತಟ್ಟಿದರು. ಹಿಂದಿನ ಬೀದಿಯವರು, ನಿವೃತ್ತ ಹೈಸ್ಕೂಲ್ ಮೇಷ್ಟರು. ಮೆತ್ತನೆಯದು ಬಿಟ್ಟು ಬೇರೇನೂ ರುಬ್ಬದ ಮಿಕ್ಸಿ ಮಾರುವ ಪೆದ್ದಮ್ಮಗಾರು ಇಲ್ಲಿದ್ದಾರೆಯೇ ಎಂದು ಕೇಳಿದರು. ಅವರ ಹೆಂಡತಿಗೆ ದವಡೆಯ ಶಸ್ತ್ರಚಿಕಿತ್ಸೆಯಾಗಿತ್ತು. ಜಗಿಯಲು ಆಗುತ್ತಿರಲಿಲ್ಲ, ಊಟವೆಲ್ಲ ನುಣ್ಣಗೆ ಗಂಜಿಯ ಹಾಗೆ ಆಗಬೇಕು, ಅದೂ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪವೇ. ಮನೆಯ ದೊಡ್ಡ ಮಿಕ್ಸಿಯಲ್ಲಿ ಒಂದು ಹಿಡಿ ಅನ್ನ ಹಾಕಿದರೆ ಬ್ಲೇಡಿಗೇ ಸಿಗುವುದಿಲ್ಲ. ಅದರ ಜಾರು ಎತ್ತಿ ತೊಳೆಯಲು ಅವರ ಕೈಯಲ್ಲಿ ಬಲವಿಲ್ಲ, ಅದರ ಸದ್ದಿಗೆ ಮಲಗಿದ ಹೆಂಡತಿ ಬೆಚ್ಚಿಬೀಳುತ್ತಾರೆ. ಇಷ್ಟನ್ನು ಅವರು ನಿಧಾನವಾಗಿ ಹೇಳಿದರು. ಅತ್ತೆಯ ಅಂಗೈ ಅವರ ಮುಂಗೈ ಮೇಲಿತ್ತು. ಭಾಷೆ ಗೊತ್ತಿಲ್ಲದೆಯೂ ಅತ್ತೆಯ ಕಣ್ಣು ತುಂಬಿತು.

ಮಿಕ್ಸಿಯನ್ನು ಅವರಿಗೆ ಹೊರಲು ಬಿಡದೆ ಅತ್ತೆ ತಾವೇ ಎತ್ತಿಕೊಂಡು ಅವರ ಜೊತೆ ಹೋದರು, ನಾನೂ ಹೋದೆ. ಮೆತ್ತಗೆ ಬೆಂದ ಅನ್ನ, ಬೇಳೆಯ ಕಟ್ಟು, ಕ್ಯಾರೆಟ್ಟು, ಒಂದು ಚೂರು ತುಪ್ಪ ಹಾಕಿ ತಿರುಗಿಸಿದರು. ಅಂಗೈ ಇಟ್ಟು ಬಿಸಿ ನೋಡಿ ಬಟ್ಟಲಿಗೆ ಸುರಿದು, ಮಂಚದ ಪಕ್ಕ ಕೂತು ಆ ಹೆಂಗಸಿಗೆ ಒಂದೊಂದೇ ಚಮಚ ಕೊಟ್ಟರು. ಅವರು ಪೂರ್ತಿ ಬಟ್ಟಲು ಮುಗಿಸಿದರು. ಮೇಷ್ಟರು ಗೋಡೆಯ ಕಡೆ ತಿರುಗಿ ನಿಂತಿದ್ದರು. ಬಟ್ಟಲು ಖಾಲಿಯಾದದ್ದು ಎಷ್ಟೋ ವಾರಗಳ ನಂತರವಂತೆ.

ದಾರಿಯಲ್ಲಿ ಬರುವಾಗ ಅತ್ತೆ ನಿಂತುಬಿಟ್ಟರು. "ನಾ ತಪ್ಪಿದ್ದೆ ನೋಡವಾ. ಹಿಟ್ಟು ರುಬ್ಬೂರು ಬ್ಯಾರೆ ಅದಾರ. ಇದು ಬೇಕಾದವರೂ ಅದಾರ, ನಂಗ ಗೊತ್ತಿದ್ದಿಲ್ಲ" ಎಂದರು.

ಮೇಷ್ಟರು ಹೆಂಡತಿಯನ್ನು ತಪಾಸಣೆಗೆ ಕರೆದೊಯ್ದಾಗ ಆಸ್ಪತ್ರೆಯಲ್ಲಿ ಈ ಮಿಕ್ಸಿಯ ವಿಷಯ ಹೇಳಿದರು. ಅಲ್ಲಿ ರೋಗಿಗಳ ಆಹಾರ ನೋಡಿಕೊಳ್ಳುವ ಹುಡುಗಿ ದಾವಣಗೆರೆಯವಳು, ಕೆಲಸಕ್ಕೆಂದು ಬಂದು ಹಾಸ್ಟೆಲಿನಲ್ಲಿದ್ದಳು. ನಮ್ಮ ಮನೆಗೆ ಬಂದು ಮಿಕ್ಸಿಯನ್ನು ತಾನೇ ನೋಡಿದಳು, ಎಲ್ಲಕ್ಕಿಂತ ಹೆಚ್ಚಾಗಿ ಅತ್ತೆಯ ರೊಟ್ಟಿ ನೋಡಿದಳು. ಆಮೇಲೆ ಪಾರ್ಶ್ವವಾಯು ಆದವರ ಮನೆಯವರು, ಗಂಟಲಿನ ಚಿಕಿತ್ಸೆ ಆದವರ ಮನೆಯವರು, ಮೂಗಿನ ನಳಿಕೆಯಿಂದ ಊಟ ಕೊಡಬೇಕಾದವರ ಮನೆಯವರು ಒಬ್ಬೊಬ್ಬರಾಗಿ ಬಂದರು. ಗುಂಟೂರಿನಿಂದ, ಏಲೂರಿನಿಂದ ಬಸ್ಸು ಹತ್ತಿ ಬಂದರು. ಅತ್ತೆ ಪ್ರತಿಯೊಬ್ಬರನ್ನೂ ಕೂರಿಸಿ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಕೇಳಿ, ಆಮೇಲೆಯೇ ಪೆಟ್ಟಿಗೆ ಕೊಡುತ್ತಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಅವರ ಮಂಚ ಮತ್ತೆ ಅವರ ಕೋಣೆಗೆ ಹೋಯಿತು.

ನನ್ನ ಲೆಕ್ಕ ತಪ್ಪಿತ್ತು. ಹಾಸ್ಟೆಲಿನ ಹುಡುಗಿಯರು ಯಾರೂ ಕೊಳ್ಳಲಿಲ್ಲ. ಅತ್ತೆಯ ಲೆಕ್ಕವೂ ತಪ್ಪಿತ್ತು. ಅವರ ಮಾತು ಕೇಳಿದ್ದರೆ ಮಾಲು ಬರುತ್ತಿರಲಿಲ್ಲ, ನನ್ನ ಮಾತು ಕೇಳಿದ್ದರೆ ಮಾಲು ಸುಟ್ಟು ವಾಪಸು ಬರುತ್ತಿತ್ತು. ನನ್ನ ಗಂಡ ಇದನ್ನು ಎಷ್ಟೋ ಸಲ ಬಿಡಿಸಿ ನೋಡಿ ಕೊನೆಗೆ ಕೈಬಿಟ್ಟರು.

ಆ ಹಣದಲ್ಲಿ ಪಟಮಟದಲ್ಲೇ ಒಂದು ಪುಟ್ಟ ಅಂಗಡಿ ಹಿಡಿದೆ. ರೋಗಿಗಳಿಗೆ ಬೇಕಾಗುವ ಸಣ್ಣಪುಟ್ಟ ವಿದ್ಯುತ್ ಸಾಮಾನು, ನೆಬ್ಯುಲೈಜರು, ಬಿಸಿನೀರಿನ ಪ್ಯಾಡು, ತಲೆದಿಂಬಿನ ಪಕ್ಕದ ದೀಪ. ಅತ್ತೆ ಸಂಜೆ ಬಂದು ಕೂರುತ್ತಿದ್ದರು. ಎರಡು ವರ್ಷ ಹಾಗೇ ಹೋಯಿತು. ಆಮೇಲೆ ಅವರಿಗೆ ಉಸಿರು ಕಟ್ಟತೊಡಗಿತು, ಹೃದಯ ದುರ್ಬಲವಾಗಿದೆ ಎಂದರು ಡಾಕ್ಟರು. ಅತ್ತೆ ಮನೆ ಬಿಟ್ಟು ಆಸ್ಪತ್ರೆಗೆ ಬರುವುದಿಲ್ಲ ಎಂದರು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮೂರನೇ ಮಹಡಿಯ ಗೃಹಿಣಿಯೇ ಮೊದಲು ಓಡಿಬಂದದ್ದು. ಮೇಷ್ಟರು ಮತ್ತು ಅವರ ಹೆಂಡತಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಎರಡು ಮಹಡಿ ಹತ್ತಿ ಬಂದರು.

ಅದಕ್ಕೆ ಎರಡು ವಾರ ಮುಂಚೆ ಊರಿನಿಂದ ಅವರ ತಂಗಿ, ತಂಗಿಯ ಗಂಡ ನೋಡಲು ಬಂದಿದ್ದರು. ನಾನು ಒಳಗೆ ಚಹಾ ಮಾಡುತ್ತಿದ್ದೆ. ಸೊಸೆ ಮನೆಯಲ್ಲೇ ಇರುತ್ತಾಳೋ ಏನು ಮಾಡುತ್ತಾಳೆ ಎಂದು ಆ ಚಿಕ್ಕಮಾವ ಕೇಳಿದ್ದು ಕೇಳಿಸಿತು. ಅತ್ತೆಗೆ ಆಗ ಮಾತಾಡಿದರೆ ದಣಿವಾಗುತ್ತಿತ್ತು. ಉತ್ತರ ಬರಲು ತಡವಾಯಿತು. ಹಾಲು ಉಕ್ಕದಂತೆ ಒಲೆ ಸಣ್ಣ ಮಾಡಿ ನಾನು ಕಿವಿಗೊಟ್ಟು ನಿಂತೆ. ಮಗನ ಸಂಬಳ ಸಾಕಾಗುತ್ತದೆ, ಏನೋ ಹೊತ್ತು ಹೋಗಲೆಂದು ಮಾಡುತ್ತಾಳೆ ಎಂದು ನನ್ನ ತವರಿನವರೇ ಎಲ್ಲರಿಗೂ ಹೇಳುತ್ತಿದ್ದರು. ಅಂಥದ್ದೇ ಏನೋ ಬರುತ್ತದೆ ಎಂದುಕೊಂಡಿದ್ದೆ.

"ಆಕಿ ವ್ಯಾಪಾರಸ್ಥಳು" ಎಂದರು ಅತ್ತೆ. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದರು. "ನಾ ಬ್ಯಾಡ ಅಂದಿದ್ದನ್ನ ತಂದು ಮಾರ್‍ಯಾಳ. ನಾನೂ ಆಕಿ ಕೈಯಾಗ ಕೆಲಸ ಮಾಡೀನಿ."

ನಾನು ಚಹಾ ಸೋಸಿ ಹೊರಗೆ ತೆಗೆದುಕೊಂಡು ಹೋಗಲು ತುಂಬ ಹೊತ್ತು ಹಿಡಿಯಿತು.